ಯಂತ್ರ ಹಳೆಯದೋ, ಪಾರುಪತ್ಯ ಹಳೆಯದೋ?

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಿಂದೀಚೆಗೆ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಮೇಜಿನ ಮೇಲಿನ ಕಂಪ್ಯೂಟರು ಮೊದಲಿನಂತೆಯೇ ನಡೆಯುತ್ತಿದೆ. ಆದರೆ ಅದರೊಳಗಿರುವ ವಿಂಡೋಸ್ 10ರ ಅವಧಿ ಅಂದಿಗೆ ತೀರಿತೆಂದು ಅದನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯವರೇ ಸಾರಿದ್ದಾರೆ. ಅಂಗಡಿಯವರನ್ನು ಕೇಳಿದರೆ ಹೊಸ ಯಂತ್ರ ಕೊಳ್ಳಿರೆನ್ನುತ್ತಾರೆ. ಕಾಲೇಜಿನಲ್ಲಿ ಓದುವ ಮಗನನ್ನು ಕೇಳಿದರೆ, 'ಏನೂ ಆಗುವುದಿಲ್ಲ, ಬಿಡಿ' ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ನೀವು ತಿಳಿದುಕೊಂಡರೆ ಕೆಲವು ಮನೆಗಳಲ್ಲಿ ಹೊಸ ಯಂತ್ರದ ಬೆಲೆ ಉಳಿದೀತು. ಇನ್ನು ಕೆಲವು ಮನೆಗಳಲ್ಲಿ ಅದಕ್ಕಿಂತ ಬೆಲೆಬಾಳುವ ಕಾಗದಪತ್ರಗಳು ಉಳಿದಾವು.

ಕಂಪ್ಯೂಟರೆಂದರೆ ನಮ್ಮ ಕಣ್ಣಿಗೆ ಕಾಣುವುದು ಪೆಟ್ಟಿಗೆ, ತೆರೆ, ಕೀಲಿಮಣೆ, ಮೌಸು. ಇವು ದೇವಸ್ಥಾನದ ಕಟ್ಟಡ, ಉಗ್ರಾಣ, ಪಾತ್ರೆಪಡಗಗಳಿದ್ದಂತೆ. ಯಾರು ಯಾವ ಹೊತ್ತಿಗೆ ಯಾವ ಕೆಲಸ ಮಾಡಬೇಕು, ಉಗ್ರಾಣದಿಂದ ಯಾರಿಗೆ ಎಷ್ಟು ಅಳೆದು ಕೊಡಬೇಕು, ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂಬುದನ್ನು ಗೊತ್ತುಮಾಡುವವನು ಪಾರುಪತ್ಯಗಾರ. ಕಂಪ್ಯೂಟರಿನೊಳಗೆ ಇಂಥ ಪಾರುಪತ್ಯವನ್ನು ನಡೆಸುವ ವಿಧಿನಿಯಮಗಳ ಸಮೂಹಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಪುಸ್ತಕಗಳಲ್ಲಿ ಇದನ್ನು 'ಕಾರ್ಯಾಚರಣ ವ್ಯವಸ್ಥೆ' ಎನ್ನುವುದುಂಟು. ಪದವೇನೋ ಶುದ್ಧವಾಗಿಯೇ ಇದೆ. ಆದರೆ ಅದನ್ನು ಉರುಹೊಡೆದ ಹುಡುಗನಿಗೆ ಅರ್ಥ ಹೊಳೆಯುವುದಿಲ್ಲ. ಪಾರುಪತ್ಯವೆಂದರೆ ಅವನ ಅಜ್ಜನಿಗಾದರೂ ಹೊಳೆಯುತ್ತದೆ. ಮೈಕ್ರೋಸಾಫ್ಟಿನವರ ವಿಂಡೋಸ್, ಆಪಲ್ ಕಂಪನಿಯವರ ಮ್ಯಾಕ್ ಓಎಸ್, ಬೆಲೆ ಕೊಡದೆ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಲಿನಕ್ಸ್ – ಇವು ಮೂರು ಬಗೆಯ ಪಾರುಪತ್ಯಗಳು. ಯಂತ್ರವನ್ನು ಬದಲಿಸದೆಯೇ ಪಾರುಪತ್ಯವನ್ನು ಬದಲಿಸಬಹುದು. ಈ ಲೇಖನದ ಮುಖ್ಯವಾದ ಮಾತೇ ಇದು.

ರೇಡಿಯೋ ಇಟ್ಟುಕೊಂಡವರಿಗೆ ಅವಧಿಯ ಮಾತು ವಿಚಿತ್ರವೆನಿಸಬಹುದು. ತಾತನ ಕಾಲದ ವಾಲ್ವ್ ಪೆಟ್ಟಿಗೆಯನ್ನು ದುರಸ್ತಾಗಿ ಇಟ್ಟುಕೊಂಡಿದ್ದರೆ, ನಿಲಯದವರು ಮೀಡಿಯಂ ವೇವ್‌ನಲ್ಲಿ ಬಿತ್ತರಿಸುತ್ತಿರುವವರೆಗೂ ಅದು ಹಾಡುತ್ತದೆ. ಅದಕ್ಕೆ ಯಾರೂ ಕಡೆಯ ದಿನವನ್ನು ನಿಗದಿ ಮಾಡಲಿಲ್ಲ. ಕಾರಣವೇನೆಂದರೆ, ರೇಡಿಯೋ ಕೇಳುತ್ತದೆಯೇ ಹೊರತು ಹೊರಗಿನವರನ್ನು ಒಳಕ್ಕೆ ಬಿಡುವುದಿಲ್ಲ. ಕಂಪ್ಯೂಟರಾದರೋ ಇಂಟರ್‌ನೆಟ್ಟಿಗೆ ಸೇರಿದ ಗಳಿಗೆಯಿಂದ ಬೀದಿಗೆ ಬಾಗಿಲಿಟ್ಟುಕೊಂಡ ಮನೆ. ಆ ಬಾಗಿಲಿನ ಬೀಗದಲ್ಲಿ ತಿಂಗಳು ತಿಂಗಳೂ ಏನಾದರೊಂದು ಲೋಪ ಕಂಡುಬರುತ್ತಲೇ ಇರುತ್ತದೆ. ಮಾಡಿದವರು ಅದಕ್ಕೆ ತೇಪೆಯನ್ನು ಕಳುಹಿಸುತ್ತಾರೆ. ಅಪ್‌ಡೇಟ್ ಎನ್ನುವುದು ಇದನ್ನೇ. ಅವಧಿ ತೀರಿತೆಂದರೆ ಯಂತ್ರ ನಿಂತಿತೆಂದಲ್ಲ. ಉಚಿತವಾದ ತೇಪೆ ಬರುವುದು ನಿಂತಿತೆಂದರ್ಥ.

ತೇಪೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2017ನೆಯ ಇಸವಿಯ ಒಂದು ಘಟನೆ ಸಾಕು. ಆ ವರ್ಷ ಮೇ 12ರಂದು 'ವಾನ್ನಾಕ್ರೈ' ಎಂಬ ಕೇಡಿನ ಕ್ರಮವಿಧಿಯೊಂದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹರಡಿ, ನೂರೈವತ್ತಕ್ಕೆ ಕಡಿಮೆಯಿಲ್ಲದ ದೇಶಗಳನ್ನು ಮುಟ್ಟಿತು. ಅದು ಹೊಕ್ಕ ಯಂತ್ರದಲ್ಲಿ ಬರೆಹ, ಚಿತ್ರ, ಲೆಕ್ಕ ಎಲ್ಲವೂ ಓದಲಾಗದ ಗೂಢಲಿಪಿಯಾಗಿ ಮಾರ್ಪಟ್ಟವು. ಬಿಡಿಸಬೇಕಾದರೆ 300 ಡಾಲರು ಒಪ್ಪಿಸಬೇಕೆಂದು ತೆರೆಯ ಮೇಲೆ ಬೇಡಿಕೆ ಮೂಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಲೋಪಕ್ಕೆ ತೇಪೆಯನ್ನು ಮೈಕ್ರೋಸಾಫ್ಟಿನವರು ಎರಡು ತಿಂಗಳು ಮುಂಚೆಯೇ, ಮಾರ್ಚಿಯಲ್ಲಿ, ಹೊರಡಿಸಿದ್ದರು. ಹಾಕಿಕೊಂಡವರು ಉಳಿದರು. 'ಆಮೇಲೆ ನೋಡೋಣ' ಎಂದು ಗುಂಡಿಯೊತ್ತಿದವರು ಸಿಕ್ಕಿಬಿದ್ದರು. ಇನ್ನು ವಿಂಡೋಸ್ ಎಕ್ಸ್‌ಪಿಯ ಅವಧಿ 2014ರಲ್ಲೇ ತೀರಿದ್ದರಿಂದ ಅದಕ್ಕೆ ತೇಪೆಯೇ ಇರಲಿಲ್ಲ. ಅನರ್ಥವಾದ ಮೇಲೆ ಕಂಪನಿಯವರು ವಿಶೇಷವಾಗಿ ಒಂದನ್ನು ಕಳುಹಿಸಿದರು. 'ಏನೂ ಆಗುವುದಿಲ್ಲ' ಎನ್ನುವ ಮಗನಿಗೆ ಇಷ್ಟನ್ನು ಹೇಳಿದರೆ ಸಾಕು.

ಆದುದರಿಂದ ಪಾರುಪತ್ಯಕ್ಕೂ ಒಂದು ಪಂಚಾಂಗವಿದೆಯೆಂದು ತಿಳಿದಿರಬೇಕು. ಎಕ್ಸ್‌ಪಿ 2001ರಲ್ಲಿ ಹುಟ್ಟಿ 2014ರವರೆಗೆ ನಡೆಯಿತು. ವಿಂಡೋಸ್ 7 ಹುಟ್ಟಿದ್ದು 2009ರಲ್ಲಿ, ಮುಗಿದದ್ದು 2020ರ ಜನವರಿಯಲ್ಲಿ. ವಿಂಡೋಸ್ 10 ಬಂದದ್ದು 2015ರ ಜುಲೈಯಲ್ಲಿ. ಅದರ ತರುವಾಯದ ವಿಂಡೋಸ್ 11 2021ರ ಅಕ್ಟೋಬರಿನಲ್ಲಿ ಹೊರಬಂತು. ಅದರೊಳಗೂ ವರ್ಷಕ್ಕೊಂದು ಆವೃತ್ತಿ; ಮನೆಬಳಕೆಯ ಪ್ರತಿಯೊಂದು ಆವೃತ್ತಿಗೆ ಇಪ್ಪತ್ತನಾಲ್ಕು ತಿಂಗಳ ಆಯುಸ್ಸು.

ಲಿನಕ್ಸ್ ವರ್ಗದ ಉಬುಂಟುವಿನ ಕ್ರಮ ನನಗೆ ಹೆಚ್ಚು ಮೆಚ್ಚಿಗೆ. ಅದರ ಆವೃತ್ತಿಯ ಹೆಸರೇ ಅದರ ಜನ್ಮಪತ್ರಿಕೆ. 24.04 ಎಂದರೆ 2024ನೆಯ ಇಸವಿಯ ನಾಲ್ಕನೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ದೀರ್ಘಾವಧಿಯ ಆವೃತ್ತಿಗೆ ಐದು ವರ್ಷ ತೇಪೆ ಬರುತ್ತದೆ. ನಡುವೆ ಬರುವವಕ್ಕೆ ಒಂಬತ್ತೇ ತಿಂಗಳು. ಮನೆಗೆ ಮೊದಲನೆಯದೇ ಸರಿ. ಇಷ್ಟಲ್ಲದೆ ಪ್ರತಿಯೊಂದಕ್ಕೂ ಅನುಪ್ರಾಸದ ಅಡ್ಡಹೆಸರೊಂದುಂಟು: ಫೋಕಲ್ ಫೋಸಾ, ಜ್ಯಾಮಿ ಜೆಲ್ಲಿಫಿಶ್, ನೋಬಲ್ ನಂಬ್ಯಾಟ್. ಕಡೆಯದು ಗೆದ್ದಲು ತಿಂದು ಬದುಕುವ ಆಸ್ಟ್ರೇಲಿಯದ ಒಂದು ಸಣ್ಣ ಪ್ರಾಣಿಯ ಹೆಸರು. ಶಬ್ದಾಲಂಕಾರ ನಮ್ಮ ತರಗತಿಗಳಲ್ಲಿ ಮಾತ್ರವೇ ಉಳಿದಿದೆಯೆಂದು ಕೊರಗುತ್ತಿದ್ದವನಿಗೆ ಇದೊಂದು ಸಮಾಧಾನ.

ಇರಲಿ. ನಿಮ್ಮ ಯಂತ್ರದ ಸಂಗತಿಗೆ ಬರೋಣ. ಮೊದಲು ಒಳಗೆ ಏನಿದೆಯೆಂದು ನೋಡಿರಿ. ಕೀಲಿಮಣೆಯಲ್ಲಿ ಕಿಟಕಿಯ ಗುರುತಿನ ಕೀಲಿಯನ್ನು ಹಿಡಿದು ಆರ್ ಅಕ್ಷರವನ್ನೊತ್ತಿ, ತೆರೆದ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಆವೃತ್ತಿಯ ಹೆಸರು ಕಾಣುತ್ತದೆ. ಅಲ್ಲಿ ವಿಂಡೋಸ್ 10 ಎಂದಿದ್ದರೆ, 11ಕ್ಕೆ ಏರಲು ಯಂತ್ರಕ್ಕೆ ಯೋಗ್ಯತೆಯಿದೆಯೇ ಎಂದು ಪರೀಕ್ಷಿಸುವುದು ಮುಂದಿನ ಕೆಲಸ. ಇದಕ್ಕಾಗಿ ಪಿಸಿ ಹೆಲ್ತ್ ಚೆಕ್ ಎಂಬ ಸಾಧನವನ್ನು ಮೈಕ್ರೋಸಾಫ್ಟಿನವರು ಉಚಿತವಾಗಿ ಕೊಟ್ಟಿದ್ದಾರೆ. 4 ಗಿಗಾಬೈಟು ಸ್ಮೃತಿ, 64 ಗಿಗಾಬೈಟು ಸಂಗ್ರಹ, ಟಿಪಿಎಂ 2.0 ಎಂಬ ರಕ್ಷಣೆಯ ಅಂಗ – ಇವು ಬೇಕು. ಇಂಟೆಲ್ ಪ್ರೊಸೆಸರಾದರೆ, ಒಂದೆರಡು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದೋ ಅದರ ಈಚಿನದೋ ಆಗಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. 'ಟಿಪಿಎಂ ಇಲ್ಲ' ಎಂಬ ಉತ್ತರ ಬಂದ ಮಾತ್ರಕ್ಕೆ ನಿರಾಶರಾಗಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಮಲಗಿರುತ್ತದೆ. ಯಂತ್ರ ಏಳುವಾಗ ತೆರೆಯುವ ಬಯಾಸ್ ಎಂಬ ಮೂಲವ್ಯವಸ್ಥೆಯೊಳಗೆ, ಇಂಟೆಲಿನದಾದರೆ ಪಿಟಿಟಿ ಎಂದೂ, ಎಎಂಡಿಯದಾದರೆ ಎಫ್‌ಟಿಪಿಎಂ ಎಂದೂ ಬರೆದಿರುವುದನ್ನು ಚಾಲೂ ಮಾಡಿದರೆ ಎಚ್ಚರವಾಗುತ್ತದೆ. ಅಂಗಡಿಯವರು 'ಹೊಸದು ಕೊಳ್ಳಿ' ಎನ್ನುವ ಮೊದಲು ಇದನ್ನು ನೋಡಿದರೇ ಎಂದು ಕೇಳಿರಿ. ಯೋಗ್ಯತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ 11ನ್ನು ಹಾಕಿಕೊಡುವ ಚತುರರೂ ಇದ್ದಾರೆ. ಅಂಥಲ್ಲಿಗೆ ತೇಪೆ ಬಂದೇ ಬರುತ್ತದೆಂಬ ಭರವಸೆಯನ್ನು ಕಂಪನಿಯವರು ಕೊಟ್ಟಿಲ್ಲವಾದ್ದರಿಂದ ನಾನದನ್ನು ಸಲಹೆ ಮಾಡುವುದಿಲ್ಲ.

ಏರಲಾರದ ಯಂತ್ರಕ್ಕೆ ಎರಡು ದಾರಿ. ಒಂದು, ವಾಯಿದೆ ಕೇಳುವುದು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳನ್ನು ಕೊಡುವ ಏರ್ಪಾಡನ್ನು ಕಂಪನಿಯವರು 2025ರಲ್ಲಿ ಪ್ರಕಟಿಸಿದರು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ನಿಮ್ಮ ಆಯ್ಕೆಗಳ ಪ್ರತಿಯನ್ನು ಅವರಲ್ಲಿ ಇರಿಸಿದರೆ ಹಣವಿಲ್ಲ, ಇಲ್ಲವಾದರೆ 30 ಡಾಲರು. ಇದು ವಾಯಿದೆಯೇ ಹೊರತು ಪರಿಹಾರವಲ್ಲ.

ಎರಡನೆಯದು ಪಾರುಪತ್ಯವನ್ನೇ ಬದಲಿಸುವುದು. ಉಬುಂಟು, ಅದರ ಆಧಾರದ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ – ಇವುಗಳಿಗೆ ಬೆಲೆಯಿಲ್ಲ. ವಿಂಡೋಸಿಗೆ ಒಗ್ಗಿದ ಕಣ್ಣಿಗೆ ಮಿಂಟ್ ಬೇಗ ಪರಿಚಯವಾಗುತ್ತದೆ. ಇವುಗಳಲ್ಲಿ ದೊಡ್ಡ ಅನುಕೂಲವೆಂದರೆ ಹಾಕಿಕೊಳ್ಳುವ ಮುಂಚೆಯೇ ಪರೀಕ್ಷಿಸಬಹುದು. ಪೆನ್ ಡ್ರೈವಿಗೆ ಬರೆಸಿಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಒಳಗಿನ ವಿಂಡೋಸನ್ನು ಮುಟ್ಟದೆ ಒಂದು ದಿನ ನಡೆಸಿ ನೋಡಬಹುದು. ಪ್ರಿಂಟರು ಅಚ್ಚು ಹಾಕುತ್ತದೆಯೇ, ಧ್ವನಿ ಬರುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ಪತ್ರ ಬರೆಯುವವರಿಗೆ, ಇಂಟರ್‌ನೆಟ್ ನೋಡುವವರಿಗೆ, ಮಕ್ಕಳ ಪಾಠಕ್ಕೆ ಇದು ಧಾರಾಳವಾಗಿ ಸಾಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವರ್ತಕರಿಗೆ ಮಾತ್ರ ಹೊಂದದು. ಅದು ವಿಂಡೋಸಿಗಾಗಿ ಮಾಡಿದ್ದು.

ಕನ್ನಡ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಲಿನಕ್ಸಿನಲ್ಲಿ ಕನ್ನಡದ ಕೀಲಿಮಣೆ ಜೊತೆಯಲ್ಲಿಯೇ ಬರುತ್ತದೆ. ನೀವು ನುಡಿಯಲ್ಲಿ ಕಲಿತ ಕಗಪ ವಿನ್ಯಾಸವೂ ಅದರಲ್ಲಿದೆ. ಆದರೆ ಹತ್ತಿಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹಗಳ ಹಳೆಯ ಅಕ್ಷರರೂಪಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳಿವೆಯಲ್ಲ – ಊರಿನ ಇತಿಹಾಸ, ತಂದೆಯವರ ಕವಿತೆ, ಸಂಘದ ನಡವಳಿ – ಅವುಗಳೊಳಗಿರುವುದು ನಿಜವಾಗಿ ಕನ್ನಡವಲ್ಲ. ಅವು ಇಂಗ್ಲಿಷ್ ಅಕ್ಷರಚಿಹ್ನೆಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿದ ಬರೆಹಗಳು. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಆದುದರಿಂದ ಹಳೆಯ ವಿಂಡೋಸ್ ಇನ್ನೂ ಇರುವಾಗಲೇ ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಕೊಳ್ಳಿರಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಮ್ಮೆ ಕಣ್ಣಿಟ್ಟು ಓದಿರಿ. ಯಂತ್ರ ಎಡವುವುದು ಅಲ್ಲಿಯೇ. ಅನಂತರ ಎಲ್ಲವನ್ನೂ ಬೇರೆ ಬೇರೆ ಎರಡು ಕಡೆ ಪ್ರತಿಮಾಡಿ ಇಟ್ಟು, ಅವು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಪಾರುಪತ್ಯಕ್ಕೆ ಕೈಹಾಕತಕ್ಕದ್ದು.

ವಿಂಡೋಸಿನಲ್ಲೇ ಉಳಿಯುವವರಿಗೆ ಒಂದೆರಡು ಉಪಾಯಗಳು. 'ಯಂತ್ರ ನಿಧಾನ' ಎಂಬುದು ಎಲ್ಲರ ದೂರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ವಿಭಾಗವನ್ನು ನೋಡಿರಿ. ಯಂತ್ರ ಏಳುವಾಗಲೇ ಕರೆಯದೆ ಬಂದು ಪಂಕ್ತಿಯಲ್ಲಿ ಕೂಡುವವರೆಲ್ಲರ ಹೆಸರೂ ಅಲ್ಲಿದೆ. ವೈರಸ್ ನಿವಾರಕವನ್ನು ಬಿಟ್ಟು, ನಿಮಗೆ ಬೇಡವಾದುದನ್ನು ಡಿಸೇಬಲ್ ಮಾಡಬಹುದು. ಇದರಿಂದ ಅವು ಅಳಿಸಿಹೋಗುವುದಿಲ್ಲ, ಕರೆದಾಗ ಬರುತ್ತವೆ. ಇನ್ನೊಂದು ಸಂಗತಿ ಬಲ್ಲವರು ಕಡಿಮೆ. ವಿಂಡೋಸ್ 8ರಿಂದೀಚೆಗೆ ಶಟ್ ಡೌನ್ ಮಾಡಿದಾಗ ಸಾಮಾನ್ಯವಾಗಿ ಯಂತ್ರವು ಪೂರ್ತಿ ಮಲಗುವುದಿಲ್ಲ. ಬೇಗನೆ ಏಳಲೆಂದು ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಹಿಂದಿನ ದಿನದ ತೊಡಕೂ ಅದರೊಂದಿಗೆ ಬರುವುದುಂಟು. ರೀಸ್ಟಾರ್ಟ್ ಎಂಬುದೇ ನಿಜವಾದ ಮರುಹುಟ್ಟು. 'ಆರಿಸಿ ಹಾಕಿದರೂ ಸರಿಹೋಗಲಿಲ್ಲ' ಎನ್ನುವವರು ಇದನ್ನು ಮಾಡಿ ನೋಡಬೇಕು.

ಹಣ ಹಾಕುವುದೇ ಆದರೆ, ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್ಎಸ್‌ಡಿಯನ್ನು ಕೂಡಿಸಿರಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ಗುಣಕಾರಿಯಾದ ಔಷಧ ಬೇರೊಂದಿಲ್ಲ. ರಿಜಿಸ್ಟ್ರಿಯನ್ನು ತೊಳೆದು ವೇಗ ಹೆಚ್ಚಿಸುತ್ತೇವೆಂದು ಜಾಹೀರಾತಿನಲ್ಲಿ ಕೂಗುವ ಸಾಧನಗಳ ಸಹವಾಸ ಬೇಡ.

ಎರಡು ಭಾಷೆಗಳಲ್ಲಿ ಬರೆಯುವವರು ಕಿಟಕಿಯ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೊರಳಬಹುದು. ಅದೇ ಕೀಲಿಯೊಂದಿಗೆ ವಿ ಅಕ್ಷರವನ್ನು ಒತ್ತಿದರೆ, ಆವರೆಗೆ ನಕಲು ಮಾಡಿಕೊಂಡ ಹಲವು ತುಣುಕುಗಳ ಪಟ್ಟಿ ಬರುತ್ತದೆ. ಮೊದಲ ಸಲ ಮಾತ್ರ ಚಾಲೂ ಮಾಡಲೇ ಎಂದು ಕೇಳುತ್ತದೆ. ಅಂಕಪಟ್ಟಿ ತಯಾರಿಸುವ ನಮ್ಮಂಥ ಮೇಷ್ಟರುಗಳಿಗೆ ಇದು ಎಷ್ಟೋ ಸಂಜೆಗಳನ್ನು ಉಳಿಸಿಕೊಟ್ಟಿದೆ.