ನಿಮಗಿದು ಗೊತ್ತೆ? ಕೆರೆಗೆ ಇಳಿಯಲು ಕಡಲಿನಷ್ಟು ಸೀಸ ಬೇಡ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿದವರಿಗೆ ಸೊಂಟದ ಸೀಸದ ಪಟ್ಟಿ ನೆನಪಿರಬಹುದು. ಉಪ್ಪುನೀರು ಮೈಯನ್ನು ಮೇಲಕ್ಕೆ ತಳ್ಳುವುದರಿಂದ ಆ ತೂಕವಿಲ್ಲದೆ ಮುಳುಗುವುದೇ ಕಷ್ಟ. ಸಿಹಿನೀರಿನಲ್ಲಿ ಅಷ್ಟು ಸೀಸ ಬೇಕಿಲ್ಲ. ಒಂದು ಲೀಟರ್ ಸಮುದ್ರದ ನೀರು ಸುಮಾರು 1,025 ಗ್ರಾಂ ತೂಗಿದರೆ, ಸಿಹಿನೀರು 1,000 ಗ್ರಾಂ. ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಸಲಕರಣೆ ಸೇರಿ 100 ಕಿಲೋ ತೂಗುವವರು ಸರೋವರಕ್ಕೆ ಇಳಿಯುವಾಗ ಸುಮಾರು ಎರಡೂವರೆ ಕಿಲೋ ಸೀಸ ತೆಗೆದಿಡಬೇಕು. ಮರೆತರೆ ತಳಕ್ಕೆ ಜಾರುವ ಅಪಾಯ.

ಚಳಿಯ ಸಂಗತಿಯೂ ಬೇರೆ. ಸಿಹಿನೀರು ಅತಿ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಶೀತ ದೇಶಗಳ ಆಳ ಸರೋವರಗಳಲ್ಲಿ ಬೇಸಿಗೆಯಲ್ಲೂ ತಳದ ನೀರು ಮೈ ಕೊರೆಯುತ್ತದೆ.

ಇನ್ನು ಎತ್ತರ. ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರ ಸಮುದ್ರ ಮಟ್ಟದಿಂದ ಸುಮಾರು 3,800 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕಡಲಿನ ಲೆಕ್ಕವನ್ನೇ ಹಿಡಿದು ಮೇಲೆ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಏಳಬಹುದು. 300 ಮೀಟರ್‌ಗಿಂತ ಎತ್ತರದ ಯಾವ ಸರೋವರಕ್ಕೆ ಇಳಿಯುವುದಿದ್ದರೂ ಎತ್ತರಕ್ಕೆ ತಕ್ಕ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ.