ಒಲೆ ಯಾಕೆ ಹೊಗೆಯಾಡುತ್ತೆ? ಕೋಳಿ ಯಾಕೆ ಸೀಯುತ್ತೆ?

ಯುಗಾದಿ ಮುಗಿದಿತ್ತು. ಹೊಸತೊಡಕೂ ಮುಗಿದಿತ್ತು. ಸಂಜೆ ಓದಲು ಬಂದ ಒಬ್ಬ ಅಕ್ಕನ ಕಣ್ಣು ಕೆಂಪಾಗಿತ್ತು.

"ಯಾಕಕ್ಕಾ, ಅತ್ತಿದ್ದೀರಾ?" ಅಂತ ಕೇಳಿದೆವು.

"ಅಳೋದೇನು ಟೀಚರೇ, ಒಲೆ ಮುಂದೆ ಕೂತು ಹೀಗಾಯ್ತು. ಹೊಗೆ ತಡೆಯೋಕಾಗಲ್ಲ. ನಿನ್ನೆ ಅಂಗಳದಲ್ಲಿ ಕೋಳಿ ಸುಟ್ಟೆ. ಹೊರಗೆ ಕರಿ, ಒಳಗೆ ಹಸಿ. ನೆಂಟರ ಮುಂದೆ ಎಲ್ಲಾರೂ ನನ್ನೇ ಬೈದ್ರು."

ಮಾರನೆಯ ದಿನ ನಾವು ನಾಲ್ಕು ಜನ ಅವರ ಮನೆಗೆ ಹೋದೆವು. ಒಲೆ ನೋಡಿದೆವು. ತಪ್ಪು ಅಕ್ಕನದಾಗಿರಲಿಲ್ಲ.

ಮನೆಯಲ್ಲಿ ಗ್ಯಾಸ್ ಇದೆ. ಆದರೆ ಸಿಲಿಂಡರ್ ಬೇಗ ಮುಗಿದೀತು ಅಂತ ನೀರು ಕಾಯಿಸೋದು, ಬಾಡು ಬೇಯಿಸೋದು ಎಲ್ಲಾ ಸೌದೆಯಲ್ಲೇ. ಅವರದು ಹಳೆಯ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಕೆಲಸ. ಈ ಒಲೆ ಅಲ್ಲಿ ಹುಟ್ಟಿದ್ದು. ಇದರ ಮೇಲೆ ಸಾಲಾಗಿ 3 ಪಾತ್ರೆ ಇಡಬಹುದು. ಸೌದೆಯ ಕೆಳಗೆ ಸರಳಿನ ಜಾಲರಿ ಇರುತ್ತದೆ. ಜಾಲರಿಯ ಕೆಳಗಿನಿಂದ ಗಾಳಿ ಬರುತ್ತದೆ. ಹೊಗೆ ಕೊಳವೆಯಿಂದ ಮನೆಯ ಹೊರಗೆ ಹೋಗುತ್ತದೆ.

ಹೋಗಬೇಕಾದ ಹೊಗೆ ಯಾಕೆ ಹೋಗಲಿಲ್ಲ? ನಾವು ಒಂದು ಹಿಡಿ ಒಣಹುಲ್ಲು ಹಚ್ಚಿ ಒಲೆಯ ಬಾಯಲ್ಲಿ ಹಿಡಿದೆವು. ಕೊಳವೆ ಸರಿಯಿದ್ದರೆ ಹೊಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿ ಹೊಗೆ ನಮ್ಮ ಮುಖಕ್ಕೇ ಬಂತು. ಅಂದರೆ ಕೊಳವೆ ಕಟ್ಟಿದೆ. ಒಲೆ ಪೂರ್ತಿ ಆರಿದ ಮೇಲೆ ಗಳದ ತುದಿಗೆ ಗೋಣಿ ಚೂರು ಕಟ್ಟಿ ಕೊಳವೆ ಉಜ್ಜಿದೆವು. ಎಷ್ಟು ಮಸಿ ಅಂತೀರಿ! ಅರ್ಧ ಪುಟ್ಟಿ ಮಸಿ ಬಿತ್ತು. ಒಲೆ ಕಟ್ಟಿದವರು ಆಮೇಲೆ ಬರಲಿಲ್ಲ. ಕೊಳವೆ ಉಜ್ಜಬೇಕು ಅಂತ ಅಕ್ಕನಿಗೆ ಯಾರೂ ಹೇಳಿರಲಿಲ್ಲ.

ಜಾಲರಿಯ ಕೆಳಗೆ ಬೂದಿ ತುಂಬಿತ್ತು. ಗಾಳಿ ಬರುವ ದಾರಿಯೇ ಮುಚ್ಚಿತ್ತು. ಗಾಳಿ ಇಲ್ಲದ ಬೆಂಕಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ನಾವು ಊದುಕೊಳವೆಯಲ್ಲಿ ಊದಿ ಊದಿ ಸುಸ್ತಾಗುತ್ತೇವೆ. ಬೂದಿ ತೆಗೆದರೆ ಊದುವ ಕೆಲಸ ಎಷ್ಟೋ ಕಡಿಮೆ.

ಪಾತ್ರೆ ಒಲೆಯ ಬಾಯಿಗಿಂತ ಚಿಕ್ಕದಾಗಿದ್ದರೆ ಆ ಸಂದಿಯಿಂದಲೂ ಹೊಗೆ ಬರುತ್ತದೆ. ಸಂದಿಗೆ ಮಣ್ಣು ಸಗಣಿ ಕಲಸಿ ಮೆತ್ತಿ. ಪಾತ್ರೆ ಇಡದ ಬಾಯಿಗೆ ತಟ್ಟೆ ಮುಚ್ಚಿ.

ಇನ್ನು ಸೌದೆ. ಎರಡು ಸೌದೆ ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಠಣ್ ಅನ್ನುತ್ತದೆ. ಹಸಿಯಿದ್ದರೆ ದಪ್ ಅನ್ನುತ್ತದೆ. ಹಸಿ ಸೌದೆಯ ಬಿಸಿ ಮೊದಲು ಅದರ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ. ಅನ್ನಕ್ಕೆ ಉಳಿಯೋದು ಕಡಿಮೆ.

ಈ ಹೊಗೆ ಕಣ್ಣಿಗೆ ಮಾತ್ರ ಕೆಟ್ಟದ್ದಲ್ಲ. ಕೆಮ್ಮು, ಉಬ್ಬಸ ತರುತ್ತದೆ. ಹೊಗೆಯಲ್ಲೇ ಇರುವ ಸಣ್ಣ ಮಕ್ಕಳಿಗೆ ನ್ಯುಮೋನಿಯಾ ಬರುವ ಭಯ ಹೆಚ್ಚು. ಅಡಿಗೆ ಮಾಡುವಾಗ ಕೂಸನ್ನು ಒಲೆಯ ಪಕ್ಕ ಮಲಗಿಸಬೇಡಿ.

ಈಗ ಕೋಳಿಯ ವಿಷಯ. ಅಕ್ಕ ಮೂರು ಕಲ್ಲು ಇಟ್ಟು, ಧಗಧಗ ಉರಿಯ ಮೇಲೇ ಕೋಳಿ ಹಿಡಿದಿದ್ದರು. ಉರಿ ಹೊರಗಿನ ತೊಗಲನ್ನು ಬೇಗ ಸುಡುತ್ತದೆ. ಕೊಬ್ಬು ತೊಟ್ಟಿಕ್ಕಿದರೆ ಉರಿ ಇನ್ನೂ ಏಳುತ್ತದೆ. ಆದರೆ ಬಿಸಿ ಮೂಳೆಯ ತನಕ ಹೋಗೋದು ನಿಧಾನ. ಅಷ್ಟರಲ್ಲಿ ಹೊರಗೆ ಸೀದಿರುತ್ತದೆ.

ಮಾಂಸ ಸುಡಲು ಬೇಕಾದ್ದು ಉರಿಯಲ್ಲ, ಕೆಂಡ. ಸೌದೆ ಉರಿದು ಕೆಂಡವಾಗಲಿ. ಕೆಂಡದ ಮೇಲೆ ಬಿಳಿ ಬೂದಿ ಕಾಣಲಿ. ಮಾಂಸ ಇಡುವ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಐದರವರೆಗೆ ಕೈ ತಡೆದರೆ ಹದ ಸರಿ. ಎರಡಕ್ಕೇ ಕೈ ಎಳೆದುಕೊಂಡರೆ ಬಿಸಿ ಜಾಸ್ತಿ, ಕೆಂಡ ಹರಡಿ. ತೊಡೆಯ ದಪ್ಪ ಜಾಗಕ್ಕೆ ಮೂಳೆ ಮುಟ್ಟುವಂತೆ ಕೊಯ್ದು ಉಪ್ಪು, ಅರಿಶಿನ, ಖಾರ, ನಿಂಬೆರಸ ಸವರಿ. ತಿರುಗಿಸುತ್ತಾ ಸುಡಿ. ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು. ಅವಸರ ಮಾಡುವವರು ಕಾಯಲಿ ಬಿಡಿ. ನಾಟಿ ಹುಂಜ ಮಾತ್ರ ಸುಡಬೇಡಿ. ಅದು ಗಟ್ಟಿ, ಸಾರಿಗೇ ಚೆನ್ನ.

ಬೆಂದಿದೆಯಾ ಅಂತ ಹೇಗೆ ತಿಳಿಯೋದು? ತೊಡೆಯ ಮೂಳೆಯ ಹತ್ತಿರ ಚುಚ್ಚಿ. ಕೆಂಪು ನೀರು ಬಂದರೆ, ಒಳಗೆ ಹಸಿ ಕಂಡರೆ, ಮತ್ತೆ ಇಡಿ. ಅರೆಬೆಂದ ಕೋಳಿ ತಿಂದರೆ ವಾಂತಿ ಭೇದಿ ಆಗುತ್ತದೆ. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಹಾಕಬೇಡಿ.

ಕೊನೆಗೆ ಕೆಂಡ ಉಳಿಯುತ್ತದೆ. ಅದನ್ನು ಅಗ್ಗಿಷ್ಟಿಕೆಗೆ ತುಂಬಿ ಬಾಣಂತಿಯ ಕೋಣೆಯಲ್ಲಿ ಇಡೋದು ನಮ್ಮಲ್ಲಿ ರೂಢಿ. ಗಾಳಿ ತಾಗಬಾರದು ಅಂತ ಕಿಟಕಿ ಬಾಗಿಲು ಎಲ್ಲಾ ಮುಚ್ಚುತ್ತೇವೆ. ಇದು ಬಲು ಅಪಾಯ. ಹೊಗೆ ಕಾಣದಿದ್ದರೂ ಕೆಂಡದಿಂದ ಒಂದು ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ತಾಯಿ ಮಗುವನ್ನು ಬೆಚ್ಚಗಿಡಲು ಬಟ್ಟೆ, ಕಂಬಳಿ ಹೊದಿಸಿ. ಕೆಂಡವನ್ನು ಅಂಗಳದಲ್ಲೇ ನೀರು ಹಾಕಿ ಆರಿಸಿ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದರೆ ಕೂಡಲೇ ಬಾಗಿಲು ತೆಗೆದು ಅವರನ್ನು ಹೊರಗಿನ ಗಾಳಿಗೆ ಕರೆತನ್ನಿ. ಆಮೇಲೆ 108ಕ್ಕೆ ಫೋನ್ ಮಾಡಿ.