ಬಿಳಿ ಬಣ್ಣದಿಂದ ಪಾರಾದ ಮರದ ಮನೆ

ಅಂಗಡಿಯಲ್ಲಿ ಏರಿಯಲ್, ಟೈಡ್ ಮಾರುವವರಿಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಹೆಸರು ಹೊಸದಲ್ಲ. 1837ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಸೋಪು, ಮೇಣದಬತ್ತಿ ಮಾಡುತ್ತಾ ಶುರುವಾದ ಕಂಪನಿ. ಆ ಮನೆತನದ ಎರಡನೇ ತಲೆಮಾರಿನ ಡೇವಿಡ್ ಗ್ಯಾಂಬಲ್ ವ್ಯಾಪಾರದಿಂದ ನಿವೃತ್ತರಾದ ಮೇಲೆ, ಚಳಿಗಾಲ ಕಳೆಯಲೆಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಮನೆಯೊಂದನ್ನು ಕಟ್ಟಿಸಿದರು. 1908ರಲ್ಲಿ ಕೆಲಸ ಆರಂಭ, ಮರುವರ್ಷ ವಾಸ.

ದುಡ್ಡಿಗೇನು ಬರ? ಅಮೃತಶಿಲೆಯ ಅರಮನೆಯನ್ನೇ ಎಬ್ಬಿಸಬಹುದಿತ್ತು. ಎಬ್ಬಿಸಿದ್ದು ಮರದ ಮನೆ!

ನಕ್ಷೆ ಬರೆದವರು ಚಾರ್ಲ್ಸ್ ಗ್ರೀನ್, ಹೆನ್ರಿ ಗ್ರೀನ್ ಎಂಬ ಅಣ್ಣತಮ್ಮ. ಶಾಲೆಯಲ್ಲೇ ಉಳಿ, ಸುತ್ತಿಗೆ ಹಿಡಿದು ಮರಗೆಲಸ ಕಲಿತವರು. ಕಾಲೇಜು ಆಮೇಲಿನ ಮಾತು. ಕೆತ್ತಿ ಕೂಡಿಸಿದವರು ಸ್ವೀಡನ್ನಿನಿಂದ ಬಂದ ಪೀಟರ್ ಹಾಲ್, ಜಾನ್ ಹಾಲ್. ಅವರೂ ಅಣ್ಣತಮ್ಮಂದಿರೇ.

ಇಂಥ ಮನೆಗೆ ಅಲ್ಲಿ 'ಕ್ರಾಫ್ಟ್ಸ್‌ಮನ್' ಮನೆ ಎನ್ನುತ್ತಾರೆ. ಅಂದರೆ ಕಸುಬುದಾರನ ಮನೆ. ಗುಸ್ತಾವ್ ಸ್ಟಿಕ್ಲಿ ಎಂಬ ಮೇಜು ಕುರ್ಚಿ ತಯಾರಕ 1901ರಲ್ಲಿ ಇದೇ ಹೆಸರಿನ ಪತ್ರಿಕೆ ತೆಗೆದಿದ್ದ. ಕಾರ್ಖಾನೆಯ ಥಳಕು ಬೇಡ, ಮರ ಮರದ ಹಾಗೇ ಕಾಣಲಿ, ಜೋಡಣೆಯನ್ನು ಮುಚ್ಚಿಡಬೇಡಿ ಎಂಬುದು ಆತನ ವಾದ. ಈ ಪಂಥದ ಸಣ್ಣ ಮನೆಗಳಿಗೆ ಬಂಗಲೊ ಎಂದು ಹೆಸರು. ಆ ಮಾತು ಹೋದದ್ದು ಇಲ್ಲಿಂದಲೇ, ಬಂಗಾಳದ ಕಡೆಯಿಂದ. ನಮಗೆ ಬಂಗಲೆ ಅಂದ್ರೆ ಸಾಹೇಬರ ದೊಡ್ಡ ಮನೆ. ಅಲ್ಲಿ ಸಂಬಳದ ಜನ ಕಟ್ಟಿಕೊಳ್ಳುವ ಪುಟ್ಟ ಮನೆ. ತಮಾಷೆ ನೋಡಿ!

ಗ್ಯಾಂಬಲ್ ಮನೆ ಮಾತ್ರ ದೊಡ್ಡದೇ. ಅಗಲವಾದ ತಗ್ಗು ಮಾಡು. ತೊಲೆಗಳ ತುದಿ ಸೂರಿನಾಚೆಗೆ ಚಾಚಿವೆ. ಮಹಡಿಯಲ್ಲಿ ಗಾಳಿಗೆ ಮೈಯೊಡ್ಡಿ ಮಲಗಲು ತೆರೆದ ಜಗಲಿ. ಮುಂಬಾಗಿಲು ತೇಗದ್ದು, ಅದರ ಬಣ್ಣದ ಗಾಜಿನಲ್ಲಿ ಓಕ್ ಮರವೊಂದು ಕೊಂಬೆ ಹರಡಿದೆ. ಒಳಗೆ ಮೆಟ್ಟಿಲಿಗಾಗಲಿ ತೊಲೆಗಾಗಲಿ ಚೂಪು ಅಂಚಿಲ್ಲ. ಎಲ್ಲವನ್ನೂ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ದೀಪ, ಕುರ್ಚಿ, ಜಮಖಾನೆಗೂ ಗ್ರೀನ್ ಸೋದರರದೇ ನಕ್ಷೆ.

ಡೇವಿಡ್ 1923ರಲ್ಲಿ ತೀರಿಕೊಂಡರು, ಹೆಂಡತಿ ಮೇರಿ 1929ರಲ್ಲಿ. ಮೇರಿಯ ತಂಗಿ ಜೂಲಿಯಾ 1943ರವರೆಗೂ ಅಲ್ಲೇ ಬಾಳಿದರು. ಆ ಹೊತ್ತಿಗೆ ಇಂಥ ಮನೆಗಳ ಶೋಕಿ ಮುಗಿದಿತ್ತು. ಮಗ ಸೆಸಿಲ್, ಸೊಸೆ ಲೂಯಿಸ್ ಮನೆ ಮಾರಲು ಯೋಚಿಸಿದರು. ನೋಡಲು ಬಂದವರು ಒಳಗೆಲ್ಲಾ ಬಿಳಿ ಬಣ್ಣ ಬಳಿಸುವ ಮಾತಾಡಿದ್ದು ಮನೆಯವರ ಕಿವಿಗೆ ಬಿತ್ತಂತೆ. ತೇಗದ ಮೇಲೆ ಬಿಳಿ ಬಣ್ಣ! ಮಾರಾಟ ಅಲ್ಲಿಗೇ ನಿಂತಿತು. (ಅಜ್ಜನ ಕಾಲದ ತೇಗದ ಬಾಗಿಲಿಗೆ ಎನಾಮೆಲ್ ಬಳಿದವರು ನಮ್ಮಲ್ಲೇನು ಕಡಿಮೆಯೇ?)

1966ರಲ್ಲಿ ಮನೆತನದವರು ಮನೆಯನ್ನು ಪ್ಯಾಸಡೀನಾ ನಗರಕ್ಕೆ ದಾನ ಕೊಟ್ಟರು. ಉಸ್ತುವಾರಿಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜೊತೆಯಾಯಿತು. 1977ರಲ್ಲಿ ಮನೆ ರಾಷ್ಟ್ರೀಯ ಸ್ಮಾರಕವೂ ಆಯಿತು. 1985ರ 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾದಲ್ಲಿ ವಿಜ್ಞಾನಿಯ ಮನೆ ಎಂದು ಹೊರಗಿನಿಂದ ತೋರಿಸುವುದು ಇದನ್ನೇ.

ಪಕ್ಕದ ಆಲ್ಟಡೀನಾದ ಬಂಗಲೊಗಳಿಗೆ ಈ ಯೋಗ ಇರಲಿಲ್ಲ. 2025ರ ಜನವರಿಯ ಕಾಡ್ಗಿಚ್ಚಿನಲ್ಲಿ ಎಷ್ಟೋ ಸುಟ್ಟು ಬೂದಿಯಾದವು. ಹಲವು ಕಡೆ ನಿಂತಿದ್ದದ್ದು ಇಟ್ಟಿಗೆಯ ಚಿಮಣಿಗಳಷ್ಟೇ. ಬುಲ್ಡೋಜರ್ ಬರುವ ಮೊದಲೇ ಸ್ವಯಂಸೇವಕರು, ಗಾರೆ ಕೆಲಸದವರು ಓಡಿದರು. ಬೆಂಕಿಗೂಡಿಗೆ ಅಂಟಿಸಿದ್ದ ನೂರು ವರ್ಷ ಹಳೆಯ ಕೈಕೆಲಸದ ಹೆಂಚುಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ, ಮನೆಯವರಿಗೆಂದು ತೆಗೆದಿಟ್ಟರು.